ಕೊನೆಗೊಂದು ಅರ್ಧ ಸುತ್ತು

ಶಿಡ್ಲಘಟ್ಟದ ಹುಳುಮನೆಯಲ್ಲಿ ಮೂವತ್ತೆರಡು ವರ್ಷ
ಹಳೇ ಚಂದ್ರಿಕೆಗಳ ಅಡಿ ಮಲಗಿತ್ತು ಈ ಕಾರು.
ಎರಡೇ ಸೀಟು, ತಲೆ ಮೇಲೆ ಸೂರಿಲ್ಲ,
ಬಾನೆಟ್ಟಿನ ಸಂದಿಗೆ ಹಿಪ್ಪುನೇರಳೆ ಎಲೆಯ ಪುಡಿ,
ಸೈಲೆನ್ಸರಿನೊಳಗೆ ಇಲಿಯ ಸಂಸಾರ.
ಡಾಕ್ಟರಮ್ಮ ಅಂಬುಜಾಕ್ಷಿ ಗುಡಿಸಿ, ತೊಳೆದು,
ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಬಂದರು,
ಸ್ಟೀರಿಂಗು ಮಾತ್ರ ಯಾರ ಕೈಗೂ ಕೊಡದೆ.

ಬಣ್ಣ ಚಿಂತಾಮಣಿಯಲ್ಲಾಯಿತು. ಇಂಜಿನ್ನು
ಎಲ್ಲೆಲ್ಲೋ ಹೋಗಿ ಬಂತು.
ಉಳಿದದ್ದು ಹೊಗೆಯ ದಾರಿ.
ಅದು ನಮ್ಮ ಪಾಲಿಗೆ.

ನಮ್ಮದು ಕಾರಿನ ಅಂಗಡಿಯೇ ಅಲ್ಲ.
ನೂಲು ಬಿಚ್ಚುವ ಯೂನಿಟ್ಟುಗಳ ಬಾಯ್ಲರಿಗೆ
ಪೈಪು ಬಗ್ಗಿಸುವವರು ನಾವು, ಬುಡೇನ್ ಸಾಬರು ಮತ್ತು ನಾನು.
ಮರಳು ತುಂಬಿ, ಕಾಸಿ, ಅವಸರವಿಲ್ಲದೆ ಬಗ್ಗಿಸಿದರೆ
ತಿರುವಿನಲ್ಲೂ ಕೊಳವೆಯ ಹೊಟ್ಟೆ ಚಪ್ಪಟೆಯಾಗದು.
‘ಆವಿ ಆದ್ರೇನು, ಹೊಗೆ ಆದ್ರೇನು,
ಒಳಗಿರೋದಕ್ಕೆ ಹೊರಗೆ ಹೋಗೋ ಆಸೆ ಒಂದೇ’
ಅಂತ ಸಾಬರು ಒಪ್ಪಿಕೊಂಡುಬಿಟ್ಟರು.

ನನಗಾಗ ಹದಿನೇಳು.
ಒಂದು ಬೋಲ್ಟು ಹಾಕಿದೆ, ಬಿಗಿದೆ.
ಇನ್ನೊಂದು ಹಾಕಿದೆ, ಬಿಗಿದೆ.
ಹಿಂದಕ್ಕೆ ಬರುವಷ್ಟರಲ್ಲಿ ಬಾಲದ ಕೊಳವೆ
ಬಂಪರಿಗೆ ಮೂರು ಬೆರಳು ಓರೆ.
ಎಳೆದೆ, ದಬ್ಬಿದೆ, ಹಠಕ್ಕೆ ಬಿದ್ದು
ಕ್ಲಾಂಪು ಕಚ್ಚಿಸಿಯೇಬಿಟ್ಟೆ.
ಸ್ಟಾರ್ಟ್ ಮಾಡಿದರೆ ಕಾರಿನ ಅಡಿಯಿಂದ
ಯಾರೋ ಬಾಗಿಲು ಬಡಿದ ಸದ್ದು.

ಸಾಬರು ಬೈಯಲಿಲ್ಲ. ಚಾಪೆ ಹಾಸಿ ಅಡಿಗೆ ನುಸುಳಿ
ಕೈಯೊಂದನ್ನೇ ಹೊರಗೆ ಚಾಚಿದರು: ‘ಅರ್ಧ ಇಂಚು ಕೊಡು.’
ಬಿಚ್ಚಿದರು. ಎಲ್ಲ.

‘ಮೊದಲು ಎಲ್ಲಾ ಸಡಿಲ ಇರ್ಬೇಕು ಕಣೋ.
ಮದುವೆ ಮನೇಲಿ ಜಮಖಾನ ಹಾಸೋವಾಗ
ಒಂದು ಮೂಲೇಲಿ ಬೀಗರು ಕೂತುಬಿಟ್ರೆ
ಇನ್ನೊಂದು ಮೂಲೆ ಎಳೆಯೋಕಾಗ್ತದಾ?’

ಹಳೇ ಗ್ಯಾಸ್ಕೆಟ್ಟಿನ ಹಕ್ಕಳೆ
ಬ್ಲೇಡಿನಲ್ಲಿ ಹೆರೆದೆ, ಮುಖ ಕಾಣುವ ತನಕ.
ಮ್ಯಾನಿಫೋಲ್ಡಿಗೆ ಹಿತ್ತಾಳೆ ನಟ್ಟು;
ಕಬ್ಬಿಣ ಕಬ್ಬಿಣವನ್ನು ಬಿಸಿಯಲ್ಲಿ ಹಿಡಿದರೆ
ಮುರಿದೀತೇ ಹೊರತು ಬಿಡುವುದಿಲ್ಲ.
ಮುಂದಿನ ಕೊಳವೆ ಹಿಂದಿನದರೊಳಗೆ ಹೋಗಬೇಕು,
ಓಡುವ ಹೊಗೆಗೆ ಅಂಚು ಎಡವಬಾರದು.
ನಾನು ಅದನ್ನೂ ತಿರುಗುಮುರುಗು ಮಾಡಿದ್ದೆ.
ಇಂಜಿನ್ನು ಹಸುವಿನ ಹಾಗೆ ಮೈ ಕೊಡವುತ್ತದೆ,
ಕೊಳವೆ ರಬ್ಬರಿನಲ್ಲಿ ತೂಗುತ್ತ ಅದರ ಜೊತೆ ಆಡಬೇಕು.
ಎಲ್ಲಿ ನೋಡಿದರೂ ಮೈಗೂ ಕೊಳವೆಗೂ
ನಡುವೆ ಒಂದು ಬೆರಳಿನ ಬಯಲು.
ಆಮೇಲೆ, ಮುಂದಿನಿಂದ, ಒಂದೊಂದೇ.

ಬಾಲಕ್ಕೆ ಒದ್ದೆ ಬಟ್ಟೆ ಒತ್ತಿ ಹಿಡಿದೆ ನಾನು.
ಪ್ರತಿ ಕೀಲಿನ ಹತ್ತಿರ ಊದಿನಕಡ್ಡಿ ಹಿಡಿದರು ಸಾಬರು.
ಬಾಯ್ಲರಿನ ಸೀಟಿಗೆ ಎಡಗಿವಿ ಕೊಟ್ಟವರು,
ಕಣ್ಣಲ್ಲೇ ಕೇಳುವ ಅಭ್ಯಾಸ.
ಎರಡನೇ ಕೀಲಿನಲ್ಲಿ ಹೊಗೆಯ ಎಳೆ ತುಸು ಬಳುಕಿತು,
ಬಿಸಿನೀರಿನ ತೊಟ್ಟಿಯಲ್ಲಿ ಎಳೆ ಕಡಿದದ್ದನ್ನು
ನೂಲು ಬಿಚ್ಚುವ ಹೆಂಗಸರಷ್ಟೇ ಕಾಣುವರಲ್ಲ,
ಅಷ್ಟು.
ಬಿಚ್ಚಿದೆವು ಮತ್ತೆ.

ಮರುದಿನ ಹನ್ನೊಂದಕ್ಕೆ ಡಾಕ್ಟರಮ್ಮ
ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟರು, ಕೈವಾರದ ಕಡೆ.
‘ಐವತ್ತು ಕಿಲೋಮೀಟರು ಓಡ್ಸಿ ವಾಪಸ್ ಬನ್ನಿ’ ಅಂದರು ಸಾಬರು.
ಅವರಿಗೆ ಕೇಳಿಸಿತೋ ಇಲ್ಲವೋ.
ಗೂಡಿನ ಮಾರ್ಕೆಟ್ಟಿನ ತಿರುವು ದಾಟುವವರೆಗೂ
ಎಪ್ಪತ್ತು ದಾಟಿದವರ ಕೈಯಲ್ಲಿ ಗಂಟಲು ತೆರೆದಿತ್ತು ಅದು,
ತುಂಬ ದಿನದ ಮೇಲೆ ಮಾತು ಬಂದವರ ಹಾಗೆ
ಒಂದು ಸುತ್ತು ಜೋರಾಗಿ, ಮತ್ತೆ ಮೆತ್ತಗೆ.

ಬಂದದ್ದು ಸಂಜೆ ಆರಕ್ಕೆ. ಕೂದಲೆಲ್ಲ ಕೆಂಧೂಳು.
ಎಲ್ಲಿ ಹೋಗಿದ್ದರೆಂದು ಅವರೂ ಹೇಳಲಿಲ್ಲ.
ನಾನು ಸ್ಪ್ಯಾನರು ಹಿಡಿದು ಓಡಿದೆ.
‘ಕೂತ್ಕೋ. ಬಿಸೀಲಿ ಎಲ್ಲಾ
ಬಿಗಿಯಾಗೇ ಕಾಣ್ತದೆ.’

ಮೂವರೂ ಗೋಣಿಚೀಲದ ಮೇಲೆ ಕೂತೆವು.
ಟೀ ಬಂತು. ಬೇಯುವ ಗೂಡಿನ ನಾತ ಬಂತು.
ಕಾರಿನ ಅಡಿಯಲ್ಲಿ ಟಿಣ್, ಟಿಣ್ ಅಂತ
ಕೊಳವೆ ತನ್ನ ಅಳತೆಗೆ ಮರಳುತ್ತಿತ್ತು.
ಡಾಕ್ಟರಮ್ಮ ವಾಚು ನೋಡಿಕೊಂಡು ಆ ಸದ್ದು ಎಣಿಸಿದರು.

ಕತ್ತಲಾದ ಮೇಲೆ ಅಂಗೈ ಹಿಂಬದಿಯಿಂದ ಮುಟ್ಟಿ
‘ಈಗ. ಅರ್ಧ ಸುತ್ತು’ ಅಂದರು ಸಾಬರು.
ಮೊದಲನೆಯದು ಅರ್ಧ ತಗೊಂಡಿತು,
ಎರಡನೆಯದು ಕಾಲು.
ಮೂರನೆಯದು ಏನೂ ತಗೊಳ್ಳಲಿಲ್ಲ.
ಅದನ್ನು ಹಾಗೇ ಬಿಟ್ಟೆ.