ಟೇಪು

ಕೈ ಎತ್ತು, ಒಬೊನ್ಯೊ. ಉಸಿರು ಬಿಡು.
ಹೊಟ್ಟೆ ಒಳಗೆಳೆದರೆ ಟೇಪಿಗೆ ಗೊತ್ತಾಗುತ್ತದೆ.

ಇದೇ ಟೇಪು, ನೆನಪಿದೆಯೆ?
ಹೋಮಾ ಬೇಯಲ್ಲಿ ಮೀನುದಂಡೆಗೆ ಇಳಿಯುವ ರಸ್ತೆ,
ಡಾಂಬರಿನ ಒಡೆದ ಅಂಚಿಗೆ ಹಿಡಿದು ಕೂತಿದ್ದೆ ನಾನು.
ನೀನು ಕೌಂಟಿಯ ಕಾಗದ ಓದಿದೆ: ಐದು ಸೆಂಟಿಮೀಟರ್.
ನಾನು ರಸ್ತೆಯನ್ನೇ ಓದಿದೆ: ಒಂದೂವರೆ.
ಮೀನು ಒಣಗಿಸುವ ಹೆಂಗಸರು ಬುಟ್ಟಿ ಇಳಿಸಿ ನಕ್ಕರು.
ಆ ನಗುವೇ ನಿನ್ನನ್ನು ಗೆಲ್ಲಿಸಿತು.

ಇನ್ನೂರು ಪುಟದ ಬಜೆಟ್ಟು, ಇಡೀ ವಾರ್ಡಿಗೆ ಒಂದೇ ಪ್ರತಿ;
ಸಭೆಗೆ ಬಂದವರಿಗೆ ಚಹಾ, ಎರಡು ತುಂಡು ಬ್ರೆಡ್ಡು.
ಇದೇಕೆ ಹೀಗೆಂದು ಎದ್ದುನಿಂತು ಕೇಳಿದವನು ನೀನೇ.
ಈಗಲೂ ಕೇಳುತ್ತೇವೆ.
ಮೈಕಿನ ಹಿಂದೆ ಕೂತು ನೀನು
‘ಮುಂದಿನ ವಿಷಯ’ ಅನ್ನುತ್ತೀಯ.

ನಾನೇನು ಸಾಚಾ ಅಲ್ಲ ಬಿಡು.
ಶಾಲೆಯ ಸಮವಸ್ತ್ರದ ಥಾನಿನಲ್ಲಿ ಗೇಣು ಗೇಣು ಉಳಿಸಿ
ಮಗಳಿಗೊಂದು ಲಂಗ ಹೊಲಿದವಳು.
ಅದಕ್ಕೇ ಗೊತ್ತು, ಕತ್ತರಿ ಎಲ್ಲಿ ವಾಲುತ್ತದೆ ಅಂತ.
ಯಾರೂ ಮೊದಲ ದಿನವೇ ಮೊಳ ಕದಿಯುವುದಿಲ್ಲ.

ಪುಸ್ತಕದಲ್ಲಿದೆ ನೋಡು: ಗೆದ್ದ ವರ್ಷ ಮೂವತ್ತೆರಡು,
ಕಳೆದ ಈಸ್ಟರಿಗೆ ಮೂವತ್ತೈದು, ಇವತ್ತು…
ಬೇಡ, ನೀನೇ ಓದಿಕೋ.
ಎರಡು ಸಲ ಹೊಲಿಗೆ ಬಿಚ್ಚಿ ಅಗಲ ಮಾಡಿದ್ದೇನೆ ಈ ಪ್ಯಾಂಟು.
ಒಳಗೆ ಮಡಚಿಟ್ಟ ಬಟ್ಟೆ ಮುಗಿಯಿತು.

ಹೊರಗೆ ಬೆಂಚಿನ ಮೇಲೆ ಆ ಹುಡುಗಿ, ಅಪೊಂಡಿ,
ಟೇಪು ಎರವಲು ಕೇಳಿ ಬಂದಿದ್ದಾಳೆ.
ಆಸ್ಪತ್ರೆಯ ಹೊಸ ಗೋಡೆ ಅಳೆಯಬೇಕಂತೆ.
ನಿನ್ನದು ಮುಗಿಯಲಿ ಅಂತ ಕಾಯುತ್ತಿದ್ದಾಳೆ.