ಕಾಯುವ ತಾಸು

ಟಾರ್ಚಿನ ನೀಲಿ ನಾಲಗೆ ಆರಿಸಿ
ಗಡಿಯಾರ ನೋಡಿ ಬರೆದುಕೊಳ್ಳುತ್ತೇನೆ: ನಾಲ್ಕು ಹತ್ತು.
ತಾಮ್ರದ ಕೊಳವೆಯ ಮೊಣಕೈಗೆ ಹಾಕಿದ ಬೆಸುಗೆ
ಇನ್ನೂ ಒದ್ದೆಯಾಗಿದ್ದಂತೆ ಹೊಳೆಯುತ್ತಿದೆ.
ಹೊರಗೆ ಥಂಡರ್ ಬೇ, ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ನೆಲಮಾಳಿಗೆಯ ಒಂದೇ ಕಿಟಕಿಗೆ
ಒಳಗಿನಿಂದಲೂ ಮಂಜು ಕಟ್ಟಿದೆ.

ಮೆಟ್ಟಿಲಿಂದ ಬಗ್ಗಿ ನೋಡುತ್ತಾನೆ ಒರೆಸ್ಟ್ ಹ್ನಾಟಿವ್,
ಗೂಡ್ಸ್ ರೈಲು ಓಡಿಸುವವನು,
ಹತ್ತಕ್ಕೆ ಡ್ಯೂಟಿ, ಕಣ್ಣಲ್ಲಿ ಎರಡು ರಾತ್ರಿಯ ಸಾಲ.
'ಕೆಲಸ ಮುಗೀತಲ್ಲ, ಇನ್ನೇನು ಕೂತಿದ್ದೀರಿ?'
'ಕಾಯ್ತಾ ಇದ್ದೀನಿ.'
'ಯಾರನ್ನ?'
'ಬೆಂಕಿಯನ್ನ. ಬರದೇ ಇರಲಿ ಅಂತ.'
ತುಸು ಹೊತ್ತು ನನ್ನ ಮುಖ ನೋಡಿ,
'ಇದಕ್ಕೂ ಬಿಲ್ ಹಾಕ್ತೀರಾ?'
'ಇಲ್ಲ. ಇದು ವಿಮೆಯವರ ಗಂಟೆ.'

ಪಾಲಿಸಿಯ ನಲವತ್ತೊಂದನೇ ಪುಟದಲ್ಲಿದೆ,
ಇರುವೆ ಸಾಲಿನಂಥ ಅಕ್ಷರಗಳಲ್ಲಿ:
ಉರಿ ಬಳಸಿದ ಕೆಲಸ ಮುಗಿದ ಮೇಲೆ
ಅರವತ್ತು ನಿಮಿಷ ಸ್ಥಳದಲ್ಲೇ ನಿಗಾ ವಹಿಸತಕ್ಕದ್ದು.
ಮುಂದಿನ ಪುಟಗಳಲ್ಲಿ ಉಳಿದದ್ದೆಲ್ಲ.
ವ್ಯಾನಿನಿಂದ ಕದ್ದ ಹತಾರ,
ಮೇಲಿನ ಮನೆಯಿಂದ ಕೆಳಗಿನ ಮನೆಯ ಮಂಚಕ್ಕೆ ಸುರಿದ ನೀರು,
ಡೇಲ್‌ನ ಎಡಗೈ ಹೆಬ್ಬೆರಳು,
ವಾಸನೆಯಿಲ್ಲದೆ ಮಲಗುವ ಕೋಣೆಗೆ ಇಳಿಯುವ ಹೊಗೆ.
ಒಂದೊಂದಕ್ಕೂ ಒಂದು ಬೆಲೆ. ಈ ವರ್ಷ ಮತ್ತೆ ಏರಿದೆ.
'ಏನೂ ಆಗದಿದ್ದರೆ ಈ ದುಡ್ಡು?' ಎಂದೆ ಏಜೆಂಟಳಿಗೆ.
'ಏನೂ ಆಗದಿರಲಿ ಅಂತಲೇ ಅಲ್ಲವೇ ಮಾರ್ಯುತ್,' ಎಂದು ನಕ್ಕಳು.
ಫೋನಿನಾಚೆ ಅವಳ ಮಗು ಚಮಚ ಬಡಿಯುತ್ತಿತ್ತು.

ನಾಲ್ಕು ಮೂವತ್ತೆರಡು. ಅಂಗೈಗಿಂತ
ಹಿಂಗೈಗೆ ಬಿಸಿ ಬೇಗ ಗೊತ್ತಾಗುತ್ತದೆ.
ಅಪ್ಪ ಕಲಿಸಿದ್ದು. ಗೋಡೆಗೆ ಹಿಂಗೈ ಇಡುತ್ತೇನೆ.

ಅಪ್ಪ ಕಾಯುವವನಲ್ಲ. ಟೌನೋ ಲಾಹ್ತೆಲಾ
ಒಂದು ಮನೆಯ ಬೆಸುಗೆ ಆರುವ ಮೊದಲೇ
ಇನ್ನೊಂದು ಮನೆಯ ಬಾಗಿಲು ತಟ್ಟುತ್ತಿದ್ದ.
ಆ ಚಳಿಗಾಲ, ಬೇಕರಿಯ ಹಿಂದಿನ ಹಳದಿ ಮನೆ:
ಹಳೇ ಕಾಲದವರು ಚಳಿಗೆಂದು ಗೋಡೆಯೊಳಗೆ
ಮರದ ಹೊಟ್ಟು ತುಂಬಿದ್ದರು.
ಹೊಟ್ಟಿಗೆ ಬಿದ್ದ ಕಿಡಿ
ಹೊಟ್ಟೆಯಲ್ಲಿಟ್ಟುಕೊಂಡ ಮಾತಿನ ಹಾಗೆ,
ಯಾರಿಗೂ ಕಾಣದೆ ನಾಲ್ಕು ತಾಸು ತೆವಳಿ
ಅಟ್ಟಕ್ಕೆ ಹೋಗಿ ಬಾಯಿ ಬಿಟ್ಟಿತು.
ಜನ ಉಳಿದರು. ನಾಯಿಯೂ ಉಳಿಯಿತು.
ಮನೆ ಉಳಿಯಲಿಲ್ಲ.

ಟೇಪು ಹಿಡಿದು ಬೂದಿ ಅಳೆದವನು
ನಮ್ಮ ಅಡುಗೆಮನೆಯಲ್ಲಿ ಕೂತು ಕೇಳಿದ:
'ಕೆಲಸ ಮುಗಿದ ಮೇಲೆ ಎಷ್ಟು ಹೊತ್ತು ಇದ್ದಿರಿ?'
ಅಮ್ಮ ಒಲೆಯ ಬಳಿಯಿಂದ ಕಣ್ಣಲ್ಲೇ ಏನೋ ಹೇಳಿದಳು.
ಅಪ್ಪ ಕಾಫಿ ಕಲಕಿದ. ಸಕ್ಕರೆ ಹಾಕಿರಲಿಲ್ಲ.
'ಹತ್ತು ನಿಮಿಷ,' ಎಂದ.
ಕಂಪನಿ ಬಿಡಿಗಾಸು ಕೊಡಲಿಲ್ಲ.
ಆರು ವರ್ಷ ತೀರಿಸಿದೆವು. ವ್ಯಾನು ಹೋಯಿತು, ದೋಣಿ ಹೋಯಿತು,
ಅಮ್ಮನ ಹೊಲಿಗೆ ಯಂತ್ರ ಹೇಗೋ ಉಳಿಯಿತು.
'ಒಂದು ಸುಳ್ಳು,' ಎನ್ನುತ್ತಿದ್ದಳು ಅವಳು, ಸೂಜಿಗೆ ದಾರ ಪೋಣಿಸುತ್ತ,
'ಒಂದೇ ಒಂದು.'
ಯಾರ ಪಕ್ಷ ವಹಿಸಬೇಕೆಂದು
ನನಗೆ ಇವತ್ತಿಗೂ ತಿಳಿದಿಲ್ಲ.

ಐದಕ್ಕೆ ಐದು ನಿಮಿಷ. ಬಾಯ್ಲರು ಗುಡುಗುಟ್ಟಿ ಹೊತ್ತಿಕೊಂಡಿದೆ.
ಕೊಳವೆಗಳಲ್ಲಿ ನೀರು ಕಾಯುತ್ತಿದೆ.
ಕೆಳಗೆ ನಾನೂ.
ಮೇಲೆ ಕುರ್ಚಿಯಲ್ಲೇ, ಬೂಟು ಕಳಚದೆ
ಒರೆಸ್ಟ್ ನಿದ್ದೆ ಹೋಗಿದ್ದಾನೆ; ಅವನ ಗೊರಕೆಗೂ
ಗಾಡಿ ಹಳಿ ಬದಲಿಸುವಾಗಿನ ಸದ್ದು.

ಐದು ಹತ್ತು. ಹಿಂಗೈಗೆ ಗೋಡೆ ತಣ್ಣಗೆ.
ಪುಸ್ತಕದಲ್ಲಿ ಬರೆಯುತ್ತೇನೆ:
ನಾಲ್ಕು ಹತ್ತರಿಂದ ಐದು ಹತ್ತು. ಏನೂ ಆಗಲಿಲ್ಲ.
ಕೆಳಗೆ ರುಜು.

ಆಮೇಲೆ ಪೆಟ್ಟಿಗೆಯ ಮೇಲೆ
ಇನ್ನೂ ಹತ್ತು ನಿಮಿಷ ಕೂತೆ.
ಅದನ್ನು ಎಲ್ಲೂ ಬರೆಯಲಿಲ್ಲ.