ಫಾಲೋ

ಮೊದಲು ರೆಡ್ ಹಾಕಿದವನು ನಾನು.
ಸೋತವನ ಮಾತು ಅಂತ ತಳ್ಳಿಹಾಕಬೇಡಿ.
ಶಿವಮೊಗ್ಗದ ಎಪಿಎಂಸಿ ಯಾರ್ಡು, ಹಿಂದುಗಡೆಯ ಗೋದಾಮು,
ಸುತ್ತ ಮೆಕ್ಕೆಜೋಳದ ಚೀಲದ ಮೇಲೆ ಕೂತ ಜನ,
ಒಂದೇ ಬಲ್ಬು, ಅದಕ್ಕೆ ಮುತ್ತಿದ ಹುಳ.
ಪುಡಿ ಎರಚಿದ ಬೋರ್ಡಿನಲ್ಲಿ ಸ್ಟ್ರೈಕರು ಜಾರಿ
ರೆಡ್ಡು ಮೂಲೆಯ ಬಲೆಗೆ ಬಿತ್ತು.
ಕೇಕೆಗೆ ತಗಡಿನ ಸೂರು ನಡುಗಿತು.
ನಾನು ಅಂಗಿಯ ಕಾಲರು ಸರಿಮಾಡಿಕೊಂಡೆ.

ಆ ಕಾಲರಿನಲ್ಲೇ ಹೋಯಿತು ಆಟ.
ಕುಳಿಯ ಅಂಚಿಗೇ ನಿಂತಿತ್ತು ಬಿಳಿ ಕಾಯಿ,
ಉಸಿರು ಬಿಟ್ಟರೂ ಬೀಳುತ್ತಿತ್ತು. ತಪ್ಪಿಸಿದೆ.
ಫಾಲೋ ಇಲ್ಲದ ರೆಡ್ಡು ಲೆಕ್ಕಕ್ಕಿಲ್ಲ.
ಅಂಪೈರು ಬಲೆಯೊಳಗೆ ಕೈಹಾಕಿ ತೆಗೆದು
ಮತ್ತೆ ನಡುವಿಗೆ ಇಟ್ಟ,
ಏನೂ ನಡೆದೇ ಇಲ್ಲ ಅನ್ನುವ ಹಾಗೆ.

ಎದುರಿಗೆ ಕೂತವನು ಹಮಾಲಿ ಗುತ್ಯಪ್ಪ, ಸೊರಬದ ಕಡೆಯವನು.
ಕೊಕ್ಕೆ ಹಿಡಿದೂ ಹಿಡಿದೂ ಬೇರಿನಂತಾದ ಬೆರಳು.
ರೆಡ್ ಹಾಕಿದ. ಯಾರ ಮುಖವನ್ನೂ ನೋಡಲಿಲ್ಲ.
ಸ್ಟ್ರೈಕರನ್ನು ಲುಂಗಿಗೆ ಒರೆಸಿ
ಇನ್ನೊಂದು ಹಾಕಿದ.
ಆಮೇಲೆ ತಲೆಯೆತ್ತಿ, "ಗುಮಾಸ್ತ್ರೇ, ಚಾ ಆತಾ?"

ಬಹುಮಾನ ನಾಲ್ಕು ಸಾವಿರ, ಜೊತೆಗೆ ಅದೇ ಬೋರ್ಡು.
ಕೋಳಿ, ಬಾಟಲಿ, ಒಂದು ರಾತ್ರಿಯ ಗಲಾಟೆ ಅಂತ
ಕಾದಿದ್ದರು ಎಲ್ಲ.
ಸಿಕ್ಕಿದ್ದು ಚಾ, ಬನ್ನು.
"ಜುಗ್ಗ ನನ್ಮಗ" ಅಂದರು, ಬನ್ನು ತಿನ್ನುತ್ತಲೇ.

ಮಾರನೇ ದಿನ ಬೋರ್ಡು ಲಾರಿ ನಿಲ್ಲುವ ಕಡೆ ಬಂದು ಕೂತಿತು,
ಪಕ್ಕದಲ್ಲಿ ಸೀಳು ಕೊರೆದ ಡಾಲ್ಡಾ ಡಬ್ಬಿ.
ಸೋತವನು ಎರಡು ರೂಪಾಯಿ ಹಾಕಬೇಕು.
"ಓದಿದೋರು ನೀವು, ಸೋತೋರೂ ಹೌದು,
ಲೆಕ್ಕ ಬರ್ಕಳಿ."
ಬರೆದುಕೊಂಡೆ.

ನಾಲ್ಕು ಸಾವಿರಕ್ಕೆ ಡಬ್ಬಿಯ ಚಿಲ್ಲರೆ ಸೇರಿಸಿ
ಒಂದು ತಳ್ಳುಗಾಡಿ, ಹಳೇದು, ಗಾಲಿ ಕಿರುಗುಟ್ಟುವುದು.
ಅಲ್ಲಿಯವರೆಗೆ ಗಾಡಿ ಸೇಠರದು, ಬೆನ್ನು ಇವರದು,
ದಿನದ ಬಾಡಿಗೆ ಅರವತ್ತು.
ಆ ಅರವತ್ತು ಈಗ ಡಬ್ಬಿಗೆ ಬಿತ್ತು.
ಮಳೆಗಾಲ ಕಳೆಯುವಷ್ಟರಲ್ಲಿ ಇನ್ನೊಂದು ಗಾಡಿ.
ಅದಕ್ಕೆ ಹಸಿರು ಬಣ್ಣ ಬಳಿದರು, ಕಾರಣವಿಲ್ಲದೆ.

ಎರಡನೇ ವರ್ಷ ಒಂದು ಬೆಳಿಗ್ಗೆ ಡಬ್ಬಿ ಇಲ್ಲ,
ತುಂಗಾನಗರದ ಮಹಬೂಬನೂ ಇಲ್ಲ.
ಎಂಟು ದಿನಕ್ಕೆ ಬಂದ, ಗಡ್ಡ ಬಿಟ್ಟುಕೊಂಡು.
ಮಗಳು ಮೆಗ್ಗಾನ್ ಆಸ್ಪತ್ರೆಯಲ್ಲಿ ಇದ್ದಳಂತೆ.
ಕೈ ಎತ್ತಿದವರು ಇದ್ದರು. ನಾನೂ ಒಬ್ಬ.
ಗುತ್ಯಪ್ಪ ಹಸಿರು ಗಾಡಿಯ ಹಿಡಿ ಅವನ ಕೈಗಿಟ್ಟು
"ಎಳಿ" ಅಂದ.
ನನ್ನ ಕಡೆ ತಿರುಗಿ,
"ಬುಕ್ಕಿನಾಗೆ ಇನ್ನೊಂದು ಗೆರೆ ಹೊಡೀರಿ,
ಮೇಲೆ ಆಸ್ಪತ್ರೆ ಅಂತ ಬರೀರಿ."
ಗೆರೆ ಹೊಡೆದೆ. ಕೈ ಸ್ವಲ್ಪ ಸೊಟ್ಟ ಹೋಯಿತು.

ಈಗ ಹನ್ನೊಂದು ಗಾಡಿ. ಒಂದು ತೂಕದ ಯಂತ್ರ.
ಚೀಲಕ್ಕೆ ಇಷ್ಟೇ ಎನ್ನುತ್ತಿದ್ದ ಮಂಡಿಯವರು
ಚೀಲಕ್ಕೆ ಎಷ್ಟು ಅಂತ ಕೇಳುತ್ತಾರೆ.
ಕೆಲವು ದಿನ ಕೇಳುವುದಿಲ್ಲ, ಅವತ್ತು ಜಗಳ.

ನನ್ನ ಮನೆಯ ಗೋಡೆಗೆ ಕಟ್ಟು ಹಾಕಿಸಿದ
ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿದೆ,
ಓಟದಲ್ಲಿ ಗೆದ್ದ ಕಪ್ಪಿದೆ, ಹಿಡಿ ಮುರಿದದ್ದು.
ಹೆಂಡತಿ ಅದರಲ್ಲಿ ಪಿನ್ನು, ಗುಂಡಿ ಇಡುತ್ತಾಳೆ.
ಬಲೆಯಿಂದ ತೆಗೆದು ನಡುವಿಗಿಟ್ಟ ಕಾಯಿಗಳು,
ಇರಲಿ.

ಗುತ್ಯಪ್ಪ ಈಗ ಆಡುವುದಿಲ್ಲ.
ಲಾರಿಯ ಹಿಂಬಾಗಿಲು ಬಿದ್ದು ಹೆಬ್ಬೆರಳು ಮಡಚುವುದಿಲ್ಲ.
ಚಾ ಹಿಡಿದು ನೋಡುತ್ತಾ ಕೂರುತ್ತಾನೆ.
ನಿನ್ನೆ ಸಂಜೆ ಆಟ ಮಹಬೂಬನ ಮಗಳದು.
ಬಣ್ಣ ಹೋದ ಆ ರೆಡ್ಡನ್ನು, ಅಂಚಿಗೆ ತಾಗಿಸಿ,
ಎದುರು ಮೂಲೆಗೆ ಹಾಕಿದಳು ಹುಡುಗಿ.
ಕೇಕೆ.
ಅವಳ ಕೈ ಮೆಲ್ಲಗೆ ಜಡೆಗೆ ಹೋಯಿತು.
ಲೆಕ್ಕದ ಪುಸ್ತಕ ಬಿಟ್ಟು ಎದ್ದು ನಾನು
"ಫಾಲೋ! ಫಾಲೋ ನೋಡೇ!" ಅಂತ ಕೂಗಿದೆ.

ಗುತ್ಯಪ್ಪ ನನ್ನ ಅಂಗಿ ಹಿಡಿದು ಕೂರಿಸಿದ.
"ಸುಮ್ನಿರಿ ಗುಮಾಸ್ತ್ರೇ,
ಹುಡ್ಗಿ ಕೈ ನಡುಗ್ತತಿ."